ಅವ್ವನ ಕುರುಬ

ನಮ್ಮ ಅವ್ವ ಯಾರೋ ಕುರುಬನನ್ನು ಇಟ್ಟುಕೊಂಡಿದ್ದಾಳೆ ಎಂದು ಪಾಮನಕಲ್ಲೂರಿನ ತುಂಬ ಸುದ್ದಿ ಹಬ್ಬಿದ್ದು ನನ್ನಿಂದ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಚಿಕ್ಕವಳು, ತಿಳಿಯದೆ ಹೇಳಿದ್ದೀ ಎಂದು ಈಗ ಸಮಾಧಾನ ಮಾಡುವವರಿದ್ದಾರೆ. ಅವರ ಸಮಾಧಾನ ನನಗೆ ಬೇಡ. ಅವ್ವ ಮನೆ ಬಿಟ್ಟು ತೊಲಗಲಿ ಎಂದೇ ನಾನು ಹೇಳಿದ್ದು.

ರಜಾಕಾರರ ಗಲಾಟೆ ಅಡಗಿದ ವರ್ಷ ಅವ್ವನ ಮೊಣಕೈ ಮೇಲೆ ಮಚ್ಚೆ ಎದ್ದಿತ್ತು. ಚಿವುಟಿದರೂ ನೋಯುತ್ತಿರಲಿಲ್ಲ. ಕುಷ್ಠಕ್ಕೆ ಊರವರು ದೊಡ್ಡ ರೋಗ ಎನ್ನುತ್ತಿದ್ದರು. ಅಪ್ಪ ಅವಳನ್ನು ದೂರದ ಮಿಶನ್ ದವಾಖಾನೆಗೆ ಬಿಟ್ಟು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎರಡು ವರ್ಷ ನಾನು ಅಜ್ಜಿಯ ಕೈತುತ್ತು ತಿಂದೆ, ಅಜ್ಜಿಯ ನಾಲಿಗೆಯನ್ನೇ ಕಲಿತೆ. ಮುಕ್ಕುಂದದಲ್ಲಿ ಅಪ್ಪನಿಗೆ ಇನ್ನೊಂದು ಹೆಣ್ಣು ಗೊತ್ತಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಅವ್ವ ಮಸ್ಕಿಯಲ್ಲಿ ಬಸ್ಸಿಳಿದು ನಡೆದುಕೊಂಡು ಮನೆಗೆ ಬಂದಳು.

ರೋಗ ವಾಸಿಯಾಗಿದೆ ಎಂಬ ಡಾಕ್ಟರರ ಚೀಟಿ ಅವಳ ಕೈಯಲ್ಲಿತ್ತು. ಎರಡು ಬೆರಳು ಮಾತ್ರ ಸೊಟ್ಟಗಾಗಿ ಉಳಿದಿದ್ದವು. ಕೊರಳಲ್ಲಿ ತಾಳಿ ಇತ್ತು, ಲಿಂಗ ಇರಲಿಲ್ಲ. ಅಜ್ಜಿಯ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

"ರೋಗ ಬಿಟ್ಟು ಬಾ ಅಂದ್ರ ದೇವ್ರನ್ನ ಬಿಟ್ಟು ಬಂದಾಳ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅವ್ವನಿಗೆ ದನದ ಕೊಟ್ಟಿಗೆ ಸಿಕ್ಕಿತು. ಬಾವಿಯ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. "ಆಕಿ ಕೈಲೆ ಒಂದ ತುತ್ತು ತಿಂದ್ರೂ ನನ್ನ ಹೊಸ್ತಿಲಾ ತುಳಿಬ್ಯಾಡ" ಎಂದು ಅಜ್ಜಿ ನನಗೆ ಹೇಳಿಟ್ಟಿದ್ದಳು. ಅವ್ವ ದಿನಾ ಒಂದು ಜೋಳದ ರೊಟ್ಟಿ ಬಡಿದು ಕೊಟ್ಟಿಗೆಯ ಬಾಗಿಲಲ್ಲಿ ನನಗೆಂದು ಇಡುತ್ತಿದ್ದಳು. ಸೊಟ್ಟ ಬೆರಳು ಬಡಿದ ಕಡೆ ಅದು ದಪ್ಪಗಿರುತ್ತಿತ್ತು. ನಾನು ಅವಳು ನೋಡುತ್ತಿರುವಾಗಲೇ ಅದನ್ನು ನಾಯಿಗೆ ಎಸೆಯುತ್ತಿದ್ದೆ.

ಒಂದು ಮುಂಜಾನೆ ಸಗಣಿ ತರಲು ಹೋದಾಗ ಅವ್ವ ಕಣ್ಣು ಮುಚ್ಚಿ ಮಾತಾಡುವುದು ಕೇಳಿಸಿತು. "ನನ್ನ ಕುರುಬನೇ, ನೀನಾದರೂ ನನ್ನ ಕೈ ಬಿಡಬೇಡ." ಓಡಿಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿಗೆ ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದಂತಾಯಿತು. ಇನ್ನು ಮುಕ್ಕುಂದದ ಹೆಣ್ಣಿಗೆ ಅಡ್ಡಿ ಯಾವುದು?

ಮರುದಿನ ಚಾವಡಿಯಲ್ಲಿ ಪಂಚಾಯ್ತಿ ಸೇರಿತು. ತಮ್ಮ ಮಂದಿಯ ಮೇಲೆ ಅಪವಾದ ಬಂತೆಂದು ಕುರುಬರ ಹಿರಿಯ ಕಂಬಳಿ ಹೊದ್ದು, ಸಿಟ್ಟಿನಿಂದ ಬಂದು ಕೂತಿದ್ದ. ಅಪ್ಪ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ.

"ಯಾರಬೇ ಆ ಕುರುಬ?" ಎಂದು ಗೌಡರು ಅವ್ವನನ್ನು ಕೇಳಿದರು.

ಅಜ್ಜಿ ನನ್ನನ್ನು ಮುಂದೆ ತಳ್ಳಿದಳು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದೆ. ಅವ್ವ ನನ್ನ ಮುಖ ನೋಡಿದಳು. ಹುಡುಗಿ ತಪ್ಪು ಕೇಳಿಸಿಕೊಂಡಿದ್ದಾಳೆ ಎಂದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು.

"ನನ್ನ ಕೂಸು ಸುಳ್ಳು ಹೇಳಿಲ್ರಿ. ನಾ ಕರದೀನಿ. ಆತ ನಮ್ಮ ದೇವ್ರು. ದವಾಖಾನ್ಯಾಗ ಪ್ರಾರ್ಥನಾ ಮಾಡುವಾಗ ದೇವ್ರಿಗೆ ಕುರುಬ ಅಂತಾರ್ರಿ. ನಾವು ಆತನ ಕುರಿ."

ಚಾವಡಿ ಬಿದ್ದು ಬಿದ್ದು ನಕ್ಕಿತು. "ದೇವ್ರಿಗೂ ಜಾತಿ ಹಚ್ಯಾಳಲೇ!" ಎಂದು ಯಾರೋ ಕೂಗಿದರು. ಕುರುಬರ ಹಿರಿಯ ಮಾತ್ರ ನಗಲಿಲ್ಲ.

"ರೋಗ ಬಂದ ಕುರಿನ ನಿಮ್ಮ ದೇವ್ರು ಏನ ಮಾಡ್ತಾನವ್ವ?"

"ಬಿಟ್ಟು ಹೋಗಂಗಿಲ್ಲ ಯಜ್ಜಾ. ಹೆಗಲ ಮ್ಯಾಲ ಹೊತ್ಕೊಂಡು ಬರ್ತಾನ."

"ಹಂಗಾರ ಆತ ಖರೇ ಕುರುಬನ" ಎಂದು ಅವನು ಕಂಬಳಿ ಕೊಡವಿ ಎದ್ದ. "ಈ ಹೆಣ್ಮಗಳ ಮ್ಯಾಲ ನಮ್ಮದೇನೂ ತಕರಾರಿಲ್ರಿ ಗೌಡ್ರ."

ಅಪವಾದ ಹೋಯಿತು. ಮನೆ ಮಾತ್ರ ಸಿಗಲಿಲ್ಲ. "ಮನ್ಯಾಗ ಬ್ಯಾಡ" ಎಂದ ಅಪ್ಪ. ಅವತ್ತು ಅವನು ಆಡಿದ್ದು ಅದೊಂದೇ ಮಾತು. ಇವತ್ತಿಗೂ ಅದನ್ನು ನಾನು ಕ್ಷಮಿಸಿಲ್ಲ.

ಲಿಂಗಸುಗೂರಿನ ಮಿಶನ್ ಬೋರ್ಡಿಂಗಿನಲ್ಲಿ ಅಡುಗೆ ಕೆಲಸ ಕೊಡುತ್ತಾರಂತೆ ಎಂದು ಅವ್ವ ಹೊರಡಲು ಸಿದ್ಧಳಾದಳು. ದಾರಿಗೆಂದು ರೊಟ್ಟಿ ಬಡಿಯುತ್ತಿದ್ದಾಗ ನಾನು ಹೋಗಿ ಒಲೆಯ ಮುಂದೆ ಕೂತೆ. ನಾಚಿಕೆಯಿಂದ ಸಾಯುವ ಹಾಗಾಗಿತ್ತು.

"ನನಗೊಂದು ರೊಟ್ಟಿ ಕೊಡಬೇ."

ಅವ್ವ ತನ್ನ ಕೈ ನೋಡಿಕೊಂಡಳು. ಆಮೇಲೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿದಳು. "ತಿಂದ್ರ ಅಜ್ಜಿ ಒಳಗ ಕರ್ಕೊಳ್ಳಂಗಿಲ್ಲ ನೋಡು."

"ಬ್ಯಾಡ ಬಿಡು" ಎಂದೆ. ದಪ್ಪಗಿದ್ದ ಕಡೆಯಿಂದಲೇ ಮುರಿದು ತಿಂದೆ. ಅಜ್ಜಿ ಮಾತಿಗೆ ತಪ್ಪುವವಳಲ್ಲ, ಬಾಗಿಲು ಹಾಕಿಕೊಂಡಳು. ಅವ್ವನ ಹಿಂದೆ ನಡೆದು ನಾನೂ ಮಸ್ಕಿಯಲ್ಲಿ ಬಸ್ಸು ಹತ್ತಿದೆ.

ಅವ್ವನಿಗಿದ್ದಷ್ಟು ನಂಬಿಕೆ ನನಗೆ ಇವತ್ತಿಗೂ ಬಂದಿಲ್ಲ. ಅವಳು ಊರಿನವರಿಗಾಗಿ ದಿನಾ ಬೇಡಿಕೊಳ್ಳುತ್ತಿದ್ದಳು, ನಾನು ಪಕ್ಕದಲ್ಲೇ ಕೂತು ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಲಿಂಗಸುಗೂರಿಗೆ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಅಲ್ಲಿನ ಪಾದ್ರಿಗಳು ಒಂದು ದಿನ ಅವ್ವನಿಗೆ, ಕುರುಬ ಎಂದರೆ ಈ ಕಡೆಯ ಜನ ತಪ್ಪು ತಿಳಿಯುತ್ತಾರೆ, ಇನ್ನು ಮೇಲೆ ಕುರಿ ಕಾಯುವವನು ಎನ್ನಮ್ಮ ಎಂದರು.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: "ಬದಲು ಮಾಡಂಗಿಲ್ರಿ. ನನ್ನ ಮಗಳು ನನಗ ತಿರುಗಿ ಸಿಕ್ಕಿದ್ದು ಆ ಹೆಸರಿನಿಂದನ."