ಖಾಲಿ ಮನೆಗಳ ಭೀಮರಾಜು

ಮಧುಗಿರಿಯಲ್ಲಿ ಯಾವ ಬೀದಿಯ ಯಾವ ಮನೆ ಖಾಲಿ ಇದೆ ಎಂಬುದು ದಲ್ಲಾಳಿಗಳಿಗಿಂತ ಮೊದಲು ತಿಳಿಯುವುದು ಭೀಮರಾಜುವಿಗೆ. ಅವನು ಮನೆಮನೆಗೆ ಬಂದು ಕರೆಂಟ್ ಮೀಟರ್ ನೋಡಿ ಬಿಲ್ಲು ಹರಿದುಕೊಡುವವನು, ಅದೂ ಗುತ್ತಿಗೆ ಕೆಲಸ. ಸರ್ಕಾರ ಕರೆಂಟು ಪುಕ್ಕಟೆ ಮಾಡಿದ ಮೇಲೆ ಈಗ ನಮ್ಮಂಥವರ ಬಿಲ್ಲೆಲ್ಲ ಸೊನ್ನೆಯೇ ಬರುತ್ತದೆ, ನಿಜ. ಆದರೆ ಮೀಟರಿನ ಅಂಕಿ ಹೋದ ತಿಂಗಳು ಎಲ್ಲಿತ್ತೋ ಈ ತಿಂಗಳೂ ಅಲ್ಲೇ ನಿಂತಿದ್ದರೆ ಆ ಮನೆಯಲ್ಲಿ ದೀಪ ಹಚ್ಚುವವರು ಇಲ್ಲ ಎಂದೇ ಅರ್ಥ.

ನನಗೆ ಈ ಮನೆ ಕೊಡಿಸಿದವನೂ ಅವನೇ. ನಾನು ಸರ್ವಮಂಗಳಾ, ಬಟ್ಟೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಮೂರು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಾಯಿಸಿದ್ದೆ. ಒಬ್ಬರಿಗೆ ನನ್ನ ಮಿಷಿನ್ನಿನ ಸದ್ದು ತಲೆನೋವು, ಇನ್ನೊಬ್ಬರಿಗೆ ನನ್ನ ಬಾಯಿಯ ಸದ್ದು. ಸುಳ್ಳೇಕೆ, ನನಗೆ ಮೂಗಿನ ತುದಿಯಲ್ಲೇ ಕೋಪ. ನಾಲ್ಕನೆಯ ಮನೆಯ ಒಡತಿ ದಾಕ್ಷಾಯಣಮ್ಮ, ಸಾಮಾನು ತೆಗೆದು ಬೀದಿಗಿಡುತ್ತೇನೆ ಎಂದ ದಿನವೇ ಭೀಮರಾಜು ಬಿಲ್ಲು ಕೊಡಲು ಬಂದಿದ್ದ. ನಮ್ಮಿಬ್ಬರ ಕೂಗಾಟ ಮುಗಿಯುವವರೆಗೂ ಗೇಟಿನ ಹೊರಗೇ ನಿಂತಿದ್ದು, ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದ.

"ಅಕ್ಕಾ, ಹಿಂದಿನ ಬೀದೀಲಿ ಒಂದು ಜೋಡಿಮನೆ ಐತೆ. ಅದ್ರಾಗೆ ಒಂದ್ರ ಮೀಟ್ರು ಮೂರು ತಿಂಗಳಿಂದ ನಿಂತೋಗೈತೆ. ಓನರ್ರು ಇರಾದು ಶಿರಾದಲ್ಲಿ. ನಿಮ್ಮ ಮಿಷಿನ್ ಸದ್ದು ಅಲ್ಲೀಗಂಟ ಕೇಳಾಕಿಲ್ಲ ಬುಡಿ" ಎಂದ. ಅಳುತ್ತಿದ್ದವಳು ನಕ್ಕುಬಿಟ್ಟೆ.

ಹೀಗೆ ಅವನ ಕೈಯಿಂದ ಮನೆ ಸಿಕ್ಕಿದವರು ಈ ಊರಿನಲ್ಲಿ ಎಷ್ಟೋ ಜನ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಹೋಟೆಲ್ ಸಪ್ಲೈಯರು, ಪಾವಗಡದ ಕಡೆಯಿಂದ ಬಂದ ಗಾರೆ ಕೆಲಸದವರು. ಯಾರಿಂದಲೂ ಒಂದು ಪೈಸೆ ಕಮಿಷನ್ ಮುಟ್ಟಿದವನಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟರೆ ನಿಂತೇ ಕುಡಿದು ಹೊರಡುತ್ತಿದ್ದ. ತಮ್ಮನ ಹಾಗಿದ್ದಾನೆ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ, ಆದರೆ ಅವನ ಮನೆ ಎಲ್ಲಿ ಎಂದು ಎರಡು ವರ್ಷ ಕೇಳಲೇ ಇಲ್ಲ.

ಹೋದ ಮಾರ್ಚಿನಲ್ಲಿ ಒಂದು ಹಳದಿ ಬಟ್ಟೆ ತಂದುಕೊಟ್ಟು, ಮಗಳು ಅನುಷಾಗೆ ಲಂಗ ಹೊಲಿಯಬೇಕು ಎಂದ. ಮಗು ಎಷ್ಟುದ್ದ ಇದೆ ಎಂದು ಕೇಳಿದೆ. ಸೊಂಟದ ಹತ್ತಿರ ಕೈ ಹಿಡಿದ. ಯೋಚನೆ ಮಾಡಿ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿದ. ಮತ್ತೆ ಇಳಿಸಿದ.

"ಭಾನುವಾರ ಅಳತೆ ತಕ್ಕಂಬತ್ತೀನಿ ಬುಡಿ ಅಕ್ಕಾ."

"ಹೆತ್ತ ಮಗಳ ಉದ್ದ ಗೊತ್ತಿಲ್ವೇನೋ ನಿಂಗೆ?" ಎಂದು ರೇಗಿದೆ.

ಆಗ ಎಲ್ಲ ಹೇಳಿದ. ಅವನು ಮಲಗುವುದು ಬಸ್‌ಸ್ಟ್ಯಾಂಡಿನ ಹಿಂದೆ, ಇನ್ನಿಬ್ಬರು ಕೆಲಸಗಾರರ ಜೊತೆ ಒಂದು ಕೋಣೆಯಲ್ಲಿ. ಹೆಂಡತಿ ಯಶೋಧರಾ ಇದೇ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಅವಳ ಪಾಳಿ ಮುಗಿಯುವ ಹೊತ್ತಿಗೆ ಹಳ್ಳಿ ಕಡೆಗೆ ಬಸ್ಸಿಲ್ಲ, ಹಾಗಾಗಿ ಅಲ್ಲೇ ಆಯಾಗಳ ಕೋಣೆಯಲ್ಲಿ ಇರುತ್ತಾಳೆ. ಮಗು ದೊಡ್ಡೇರಿ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ರಾಮಾಂಜಿನಮ್ಮನ ಬಳಿ. ಮೂವರೂ ಒಟ್ಟಿಗೆ ಕೂತು ಉಣ್ಣುವುದು ಭಾನುವಾರ ಮಾತ್ರ, ಅದೂ ಯಶೋಧರೆಗೆ ರಜೆ ಸಿಕ್ಕಿದರೆ.

"ಊರಿಗೆಲ್ಲಾ ಮನೆ ಹುಡುಕ್ಕೊಡ್ತೀಯ, ನಿಂಗೊಂದು ಹುಡುಕ್ಕೊಳ್ಳೋಕೆ ಏನು ಧಾಡಿ?"

"ಮನೆ ಸಿಗ್ತದೆ ಅಕ್ಕಾ. ಅಡ್ವಾನ್ಸ್ ಮಾತೂ ಆಗ್ತದೆ. ಆಮ್ಯಾಕೆ, ನೀವು ಯಾವ ಜನ ಅಂತಾರೆ. ಇಂಗಿಂಗೆ ಅಂತ ಹೇಳ್ತೀನಿ. ಅವತ್ತು ಸಂಜೇನೇ ಆ ಮನೇಗೆ ಅವ್ರ ನೆಂಟ್ರು ಯಾರೋ ಬಂದ್ಬುಡ್ತಾರೆ." ನಗುತ್ತಲೇ ಹೇಳಿದ. ಐದು ಮನೆಗಳಲ್ಲಿ ಹೀಗಾಗಿತ್ತಂತೆ. ಅವರ ಕೇರಿಯಲ್ಲಿ ಒಂದೊಂದು ಮನೆಯಲ್ಲಿ ಎರಡೆರಡು ಸಂಸಾರ. ಹೊಸ ಬಡಾವಣೆಯ ಬಾಡಿಗೆ ಗಂಡಹೆಂಡಿರ ಸಂಬಳಕ್ಕೆ ಎಟುಕುವಂಥದ್ದಲ್ಲ. "ಜೂನಿಗೆ ಅನುಷಾ ಒಂದನೇ ಕ್ಲಾಸು. ಅಷ್ಟರಾಗೆ ಮೂರು ಜನಾನೂ ಒಂದೇ ಸೂರಿನಡಿ ಸೇರ್ಕೊಂಡ್ರೆ ಸಾಕಕ್ಕಾ. ಸಂಜೆ ಬಾಗಿಲು ತೆಗುದ್ರೆ ಒಳಗೆ ಮಗು ಇರಬೇಕು. ಇನ್ನೇನೂ ಬ್ಯಾಡ."

ನಮ್ಮ ಜೋಡಿಮನೆಯಲ್ಲಿ ಗೋಡೆಯಾಚೆಯ ಮನೆ ಸಂಕ್ರಾಂತಿಯಿಂದ ಖಾಲಿ ಬಿದ್ದಿತ್ತು. ಪ್ರತಿ ತಿಂಗಳೂ ಅವನು ಆ ಮೀಟರ್ ನೋಡಿ, ಬರೆದುಕೊಂಡು, ಕಿಟಕಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಿದ್ದ. ಅದು ನನ್ನ ಮಂದಬುದ್ಧಿಗೆ ಹೊಳೆದಿರಲೇ ಇಲ್ಲ. "ನಾನು ಮಾತಾಡ್ತೀನಿ, ಸುಮ್ನಿರು" ಎಂದೆ.

ಅವನು ಹೋದ ಕೂಡಲೇ ಓನರ್ ಶಂಕರಲಿಂಗಪ್ಪನವರಿಗೆ ಫೋನ್ ಮಾಡಿದೆ. ರಿಟೈರ್ಡ್ ಮೇಷ್ಟ್ರು, ನಮ್ಮ ಪೈಕಿಯವರೇ. "ಒಳ್ಳೆ ಜನಾನೇನಮ್ಮ?" ಎಂದರು. ಕೇಳಿದ್ದು ಅಷ್ಟೇ. ಮಿಕ್ಕದ್ದು ಕೇಳುವ ಮೊದಲೇ ನನ್ನ ಬಾಯಿಂದ ಉದುರಿತು: "ನಮ್ಮೋರೇ ಸಾರ್, ಹೊಳವನಹಳ್ಳಿ ಕಡೆಯೋರು. ಹೆಸರು ರಾಜು." ಹಾಗಾದರೆ ನಿನ್ನ ಹತ್ತಿರ ಇರುವ ಬೀಗದ ಕೈ ಕೊಟ್ಟುಬಿಡಮ್ಮ ಎಂದರು. ಎಂಥ ಜಾಣೆ ನಾನು ಎಂದು ಬೀಗಿದೆ, ನೋಡಿ!

ಭಾನುವಾರ ಮನೆ ನೋಡಲು ಭೀಮರಾಜು ಮಗಳನ್ನೂ ತನ್ನ ತಾಯಿಯನ್ನೂ ಕರೆದುಕೊಂಡು ಬಂದ. ಯಶೋಧರೆಗೆ ರಜೆ ಸಿಕ್ಕಿರಲಿಲ್ಲ. ಬೀಗದ ಕೈ ಅವನಿಗೇ ಕೊಟ್ಟು ಬಾಗಿಲು ತೆಗೆಸಿದೆ. ಅನುಷಾ ಒಳಗೆ ಕಾಲಿಟ್ಟವಳೇ ಸ್ವಿಚ್ಚುಗಳನ್ನೆಲ್ಲ ಒತ್ತಿದಳು. ಹಗಲು ಹೊತ್ತಿನಲ್ಲಿ ಮನೆ ತುಂಬ ದೀಪ. ಒಂದು ಮೂಲೆಗೆ ಹೋಗಿ ಬರಿ ನೆಲದ ಮೇಲೆ ಮಲಗಿ, "ಇದು ನಂದು, ಅಲ್ಲಿ ಅಮ್ಮ, ಅಲ್ಲಿ ಅಪ್ಪ" ಎಂದು ಜಾಗ ಹಂಚಿದಳು. ಭೀಮರಾಜು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದ. ರಾಮಾಂಜಿನಮ್ಮ ಒಳಗೆ ಬರಲಿಲ್ಲ, ಹೊಸಲಿನ ಹೊರಗೇ ಕೂತಳು.

ಆಗ ನಾನು ಬಾಯಿ ಬಿಟ್ಟೆ. ಓನರಿಗೆ ಏನು ಹೇಳಿದ್ದೇನೆ ಎಂದು ಭೀಮರಾಜುವಿಗೆ ಹೇಳಿದೆ. ಕೇಳಿದರೆ ರಾಜು ಅನ್ನು ಸಾಕು. ಬುದ್ಧನ ಫೋಟೋ, ಅಂಬೇಡ್ಕರ್ ಫೋಟೋ ಎಲ್ಲ ಒಳಕೋಣೆಯಲ್ಲಿರಲಿ. ಇನ್ನು ರಾಮಾಂಜಿನಮ್ಮ ವಾರವಾರ ಸಂತೆಯಲ್ಲಿ ಹುಣಸೆಹಣ್ಣು ಮಾರುವವಳು, ಊರಿನವರೆಲ್ಲ ಬಲ್ಲರು. ಹಾಗಾಗಿ ಮಗುವನ್ನು ಹತ್ತಿರ ಕರೆದು, "ಅಜ್ಜಿ ಬಂದಾಗ ಯಾರಾದ್ರೂ ಕೇಳಿದ್ರೆ, ಹುಣಸೆಹಣ್ಣು ಕೊಡೋಕೆ ಬಂದವ್ರೆ ಅನ್ನು ಪುಟ್ಟಿ" ಎಂದೆ.

"ಅಜ್ಜೀನ ಅಜ್ಜಿ ಅನ್ನಬಾರ್ದಾ?" ಎಂದಿತು ಮಗು.

ಹೊಸಲಿನಾಚೆಯಿಂದ ರಾಮಾಂಜಿನಮ್ಮ ಹೇಳಿದಳು: "ಹೂಂ ಅನ್ನವ್ವಾ. ಮನೆ ಸಿಕ್ಕುದ್ರೆ ಸಾಕು. ನಾನು ಈ ಕಡೀಕೆ ಬರದೆ ಇದ್ರಾಯ್ತು."

ಭೀಮರಾಜು ಎದ್ದ. ಮಗಳನ್ನು ಎತ್ತಿಕೊಂಡ. ಬೀಗದ ಕೈಯನ್ನು ನನ್ನ ಕೈಗೆ ಹಾಕದೆ ಕಿಟಕಿಯ ಮೇಲಿಟ್ಟ. "ನೀವು ಒಳ್ಳೇದಕ್ಕೇ ಮಾಡಿದ್ರಿ ಅಕ್ಕಾ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ದೀಪಗಳು ಮಾರನೆಯ ದಿನದವರೆಗೂ ಉರಿದವು, ಆರಿಸಲು ನನಗೆ ಆ ಮನೆಯೊಳಕ್ಕೆ ಹೋಗುವ ಮುಖವಿರಲಿಲ್ಲ.

ಮುಂದಿನ ಸಲ ಬಂದಾಗ ಆ ಮೀಟರಿನ ಮುಂದೆ ಸ್ವಲ್ಪ ಹೊತ್ತು ನಿಂತ. "ಎರಡು ಯೂನಿಟ್ ಓಡೈತೆ ಅಕ್ಕಾ" ಎಂದು ಬಿಲ್ಲು ಹರಿದು, ಮಡಚಿ, ತನ್ನ ಜೇಬಿಗೇ ಹಾಕಿಕೊಂಡ. ಅದೇ ವಾರ ಆ ಮನೆಗೆ ಪಾವಗಡದ ಜಯರಾಮಯ್ಯ ಎಂಬ ಲಾರಿ ಡ್ರೈವರನ ಸಂಸಾರವನ್ನು ಕರೆತಂದವನೂ ಅವನೇ. ಪಾಪ, ಎರಡು ಮಕ್ಕಳನ್ನು ಕಟ್ಟಿಕೊಂಡು ಮನೆಯಿಲ್ಲದೆ ಅಲೆಯುತ್ತಿದ್ದಾರೆ ಎಂದ. ಅವನ ಮುಖ ನೋಡಲಾರದೆ ನಾನು ಮಿಷಿನ್ ತುಳಿದೆ.

ಜೂನ್ ಬಂತು. ಅನುಷಾ ಹಳ್ಳಿಯ ಸ್ಕೂಲಿಗೇ ಸೇರಿದಳು.

ಜಯರಾಮಯ್ಯನ ಕೈಲಿ ಕರಾರಿಗೆ ಸಹಿ ಹಾಕಿಸಲು ಶಂಕರಲಿಂಗಪ್ಪನವರು ಶಿರಾದಿಂದ ಬಂದರು. ಕಾಫಿ ಕುಡಿಯುತ್ತ, "ಆ ರಾಜು ಅನ್ನೋರು ಬರ್ತೀನಿ ಅಂದಿದ್ರಲ್ಲ, ಯಾಕಮ್ಮ ಬರಲಿಲ್ಲ?" ಎಂದು ಕೇಳಿದರು. ಇನ್ನು ಮುಚ್ಚಿಟ್ಟುಕೊಂಡರೆ ಎದೆ ಒಡೆಯುತ್ತಿತ್ತು. ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಅವರು ಲೋಟ ಕೆಳಗಿಟ್ಟರು. "ನನ್ನನ್ನ ಒಂದು ಮಾತು ಕೇಳಬೌದಿತ್ತಲ್ಲಮ್ಮ. ನಾನು ಬೇಡ ಅಂತೀನಿ ಅಂತ ನೀನೇ ಹೆಂಗೆ ತೀರ್ಮಾನ ಮಾಡ್ದೆ? ನಿಜ ಹೇಳಿದ್ರೂ ಕೊಡ್ತಿದ್ದೆ."

ಮನೆ ಬೇರೆಯವರ ಪಾಲಾದ ಮೇಲೆ ಯಾರು ಬೇಕಾದರೂ ಇಷ್ಟು ಹೇಳುತ್ತಾರೆ ಎಂದು ನನ್ನ ಮೂಗಿನ ತುದಿಗೆ ಕೋಪ ಬಂತು. ಅದು ನಿಜವೋ ಬರಿ ಮಾತೋ ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೊಂದಿತ್ತು, ಅದನ್ನು ಮುಚ್ಚಿದವಳು ನಾನು.

ಭೀಮರಾಜುವಿಗೆ ಹೇಳದೆ ಇರಲಾಗಲಿಲ್ಲ. ಹೇಳಿದಾಗ ಅವನು ಬಿಲ್ಲಿನ ಮಿಷಿನ್ನನ್ನು ಕಟ್ಟೆಯ ಮೇಲಿಟ್ಟು, ಮೊದಲ ಬಾರಿ ನಮ್ಮನೆಯಲ್ಲಿ ಕೂತ.

"ಅಂಗಂದ್ರಾ? ಕೊಡ್ತಿದ್ದೆ ಅಂತ, ಅವ್ರ ಬಾಯಲ್ಲೇ ಅಂದ್ರಾ?"

"ಹೂಂ ಕಣಪ್ಪ."

ಇನ್ನೊಮ್ಮೆ ಹೇಳಿಸಿದ. ಆಮೇಲೆ ಯಶೋಧರೆಗೆ ಫೋನ್ ಹಚ್ಚಿ, ನೀವೇ ಹೇಳಿ ಅಕ್ಕಾ ಎಂದು ನನ್ನ ಕೈಗೆ ಕೊಟ್ಟ. ಅವಳನ್ನು ನಾನು ಕಂಡವಳೇ ಅಲ್ಲ. ಹೇಳಿದೆ. ಬೈಯಲಿ, ಬೈಸಿಕೊಳ್ಳುತ್ತೇನೆ ಎಂದು ಕಾದೆ.

"ಅಕ್ಕಾ, ಅಡುಗೆಮನೆ ಹೆಂಗಿತ್ತು?" ಎಂದಳು. "ಇವ್ರನ್ನ ಕೇಳುದ್ರೆ ಚೆನ್ನಾಗಿತ್ತು ಅಂತಾರೆ ಅಷ್ಟೇಯ. ನಾನು ನೋಡ್ಲೇ ಇಲ್ಲ."

ಪೂರ್ವಕ್ಕೆ ಕಿಟಕಿ ಇದೆ ಕಣಮ್ಮ ಎಂದೆ. ಬೆಳಿಗ್ಗೆ ಬಿಸಿಲು ನೇರ ಒಲೆಯ ಕಟ್ಟೆ ಮೇಲೆ ಬೀಳುತ್ತೆ, ಗೋಡೆಯಲ್ಲಿ ಮೂರು ಗೂಡಿವೆ, ನಲ್ಲಿ ಒಳಗೇ ಇದೆ ಎಂದೆ. ಅವಳು ಪ್ರತಿಯೊಂದಕ್ಕೂ ಹೂಂ, ಹೂಂ ಎನ್ನುತ್ತಿದ್ದಳು. ಎಲ್ಲ ಹೇಳಿ ಮುಗಿಸಿದ ಮೇಲೆ, "ಗೂಡು ದೊಡ್ಡವಾ ಅಕ್ಕಾ?" ಎಂದು ಕೇಳಿದಳು.