ಬಾಣಕ್ಕೆ ಆಗುವ ಕಡ್ಡಿ

ನಮ್ಮ ಮನೆಯಲ್ಲಿ ವಿಜಯದಶಮಿಯ ದಿನ ಬಾಳೆ ದಿಂಡಿಗೆ ಬಾಣ ಹೊಡೆಯುವ ಪದ್ಧತಿ. ಬಾಳೆ ದಿಂಡು ಯಾರಿಗೆ ಏನು ತಪ್ಪು ಮಾಡಿದೆ ಎಂದು ಚರ್ಚಾಸ್ಪರ್ಧೆಗಳಿಗೆ ಹೋಗುವ ಮೊದಲೇ ನಾನು ಕೇಳಿದ್ದೆ. ಪುರಾವೆಯಿಲ್ಲದೆ ದೇವರನ್ನೂ ಒಪ್ಪದವಳು ನಾನು. ಆದರೂ ಗಣಪತಿ ಹಬ್ಬ ಮುಗಿದ ಮೇಲೆ ಬಾಣದ ಕಡ್ಡಿ ತರಲು ಅಪ್ಪನ ಜೊತೆ ಹೋಗುವುದನ್ನು ಮಾತ್ರ ಯಾವ ವರ್ಷವೂ ತಪ್ಪಿಸಿರಲಿಲ್ಲ. ಹಸಿ ಕಡ್ಡಿ ನೆರಳಲ್ಲಿ ಒಣಗಬೇಕಾದರೆ ಅಷ್ಟು ಮುಂಚೆ ಕಡಿಯಬೇಕು.

ಅಪ್ಪ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದ. ಕಡ್ಡಿಯನ್ನೂ ಕಬ್ಬಿಣದ ಸರಳಿನಂತೆಯೇ ನೋಡುವವನು: ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿದು, ಬೆರಳಲ್ಲಿ ನಿಧಾನ ತಿರುಗಿಸಿ. ಕೂದಲೆಳೆಯಷ್ಟು ಬಾಗಿದ್ದರೂ ಬಿಸಾಡುತ್ತಿದ್ದ.

ಹೋದ ವರ್ಷ ಆಲ್ಕೊಳದ ಮನೆಯಿಂದ ಹೊಳೆಹೊನ್ನೂರು ದಾರಿಯ ನಾಲೆ ಏರಿಗೆ ಸ್ಕೂಟರಿನಲ್ಲಿ ಹೋದೆವು. "ಗಾಡಿ ನೀನೇ ಓಡ್ಸು" ಅಂದ, ಎಂದೂ ಇಲ್ಲದ್ದು. ಏರಿಯ ತುಂಬ ಪೊದೆ. ಲಂಟಾನ ದೂರಕ್ಕೆ ನೆಟ್ಟಗೆ ಕಾಣುತ್ತದೆ, ಮುಟ್ಟಿದರೆ ಮುಳ್ಳು. ಯುಪಟೋರಿಯಂ ಕತ್ತರಿಸಿದರೆ ಒಳಗೆಲ್ಲ ಮೆತ್ತನೆಯ ಬೆಂಡು. ಒಣಗಿದ ಮೇಲೆ ಪಟ್ಟನೆ ಮುರಿಯುತ್ತದೆ. ನಮಗೆ ಬೇಕಾದದ್ದು ಲಕ್ಕಿ ಗಿಡ. ಅಂಗೈಯಂತೆ ಬೆರಳು ಬಿಡಿಸಿದ ಎಲೆ, ಅಡಿಭಾಗ ಬೂದು, ಹೊಸಕಿದರೆ ಘಾಟು. ಅದರಲ್ಲೂ ಯಾರೋ ಹಿಂದೆ ಕಡಿದ ಬುಡದಿಂದ ಎದ್ದ, ಕಿರುಬೆರಳು ಗಾತ್ರದ ಕಡ್ಡಿಯೇ ಆಗಬೇಕು. ಅದು ಕವಲೊಡೆಯದೆ ಸೀದಾ ಬೆಳಕಿಗೆ ಏರಿರುತ್ತದೆ.

ಅಪ್ಪ ಎಲೆ ಹೊಸಕಿ, ಮೂಸಿ, ಗಿಡದ ಗುರುತು ಹಿಡಿದ. ಒಂದು ಕಡ್ಡಿ ಕಡಿದು ಬೆಳಕಿಗೆ ಎತ್ತಿದ.

"ನೋಡು ಲಾಯರಮ್ಮ, ದಾರ ಹಿಡ್ದಂಗಿದೆ!"

ಕಡ್ಡಿ ನಡುವಿನಲ್ಲಿ ಕುಡುಗೋಲಿನಂತೆ ಬಾಗಿತ್ತು.

ತಮಾಷೆ ಎಂದುಕೊಂಡು ಅವನ ಮುಖ ನೋಡಿದೆ. ಅಲ್ಲಿ ನಗು ಇರಲಿಲ್ಲ.

"ಯಾಕೆ ಮಾರಾಯ್ತಿ ಸುಮ್ನಾದೆ? ಸೊಟ್ಟ ಇದ್ಯಾ?"

"ಇದೆ ಅಪ್ಪ."

"ತುಂಬಾನಾ?"

"ಹ್ಞೂಂ."

ಅವನು ಏರಿಯ ಮೇಲೆಯೇ ಕುಳಿತ. ಯುಗಾದಿಯಿಂದ ಅಳತೆ ನೋಡುವ ಮೈಕ್ರೋಮೀಟರಿನ ಗೆರೆ ಕಾಣುತ್ತಿಲ್ಲವಂತೆ. ಕೈ ಅಂದಾಜಿನಲ್ಲೇ ಕೆಲಸ ತಳ್ಳುತ್ತಿದ್ದನಂತೆ. ಕೆಲವು ಪೀಸುಗಳು ವಾಪಸೂ ಬಂದಿದ್ದವಂತೆ. ನಾನು ತಕ್ಷಣ ವಾದಕ್ಕಿಳಿದೆ.

"ಕನ್ನಡಕ ಬದಲಾಯ್ಸಿದ್ರೆ ಆಯ್ತಲ್ಲ?"

"ಕನ್ನಡಕದ್ದಲ್ಲ, ಶುಗರ್ರು. ಕಣ್ಣೊಳಗಿನ ಪರದೆ ಹಾಳಾಗಿದೆ."

"ಒಬ್ಬ ಡಾಕ್ಟ್ರು ಹೇಳಿದ್ದೇ ವೇದವಾಕ್ಯನಾ?"

"ಇನ್ನೊಬ್ರಿಗೂ ತೋರ್ಸಿದೆ ಕಣೆ. ಇರೋದು ಉಳಿದ್ರೆ ಪುಣ್ಯ ಅಂದ್ರು."

ನಾನೂ ಅವನ ಪಕ್ಕ ಕುಳಿತೆ.

"ಸೋಮವಾರ ನಂಜೊತೆ ವರ್ಕ್‌ಶಾಪಿಗೆ ಬಾ" ಅಂದ ಅಪ್ಪ. "ಕೆಲ್ಸ ಬಿಡ್ತೀನಿ ಅಂದ್ರೆ ಓನರ್ರು ಒಪ್ಪಲ್ಲ. ನಿನ್ನಂಥ ಕಣ್ಣು ಯಾರಿಗಿದೆ ಅಂತಾರೆ. ಅದನ್ನ ಕೇಳಿದ್ರೆ ನಾನು ಮತ್ತೆ ಮಿಷಿನ್ ಮುಂದೆ ನಿಂತ್ಬಿಡ್ತೀನಿ. ಒಂದಿನ ಮಿಷಿನ್ನಿಗೆ ಕೈ ಕೊಟ್ಕೋತೀನಿ. ನೀನೇ ವಾದ ಮಾಡ್ಬೇಕು."

"ಏನಂತ?"

"ನಂಗೆ ಕಾಣಲ್ಲ ಅಂತ."

ಸೋಮವಾರ ಹೋದೆವು. ಮಾಲೀಕರು ಥೇಟ್ ಅದೇ ಮಾತು ಹೇಳಿದರು. ಅಪ್ಪನ ಮುಖ ಅರಳಿತು. ಆ ಅರಳಿದ ಮುಖದ ಎದುರು ನಾನು ಒಂದೊಂದೇ ಪುರಾವೆ ಇಟ್ಟೆ. ಕಾಣದ ಗೆರೆ, ಅಳತೆ ತಪ್ಪಿ ವಾಪಸು ಬಂದ ಪೀಸುಗಳು, ಡಾಕ್ಟರರ ಮಾತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಮಾಲೀಕರು ಕೊನೆಗೆ, "ಆಯ್ತಮ್ಮ, ಕೆಲ್ಸ ಬಿಡ್ಲಿ" ಅಂದರು.

"ಚೆನ್ನಾಗಿ ಮಾತಾಡ್ದೆ" ಅಂದ ಅಪ್ಪ, ಹೊರಗೆ ಬಂದ ಮೇಲೆ. ಮೆಟ್ಟಿಲು ಇಳಿಯಲು ನನ್ನ ಹೆಗಲು ಹಿಡಿದುಕೊಂಡ.