ತಣ್ಣಗಿದ್ದ ಬಲ್ಬಿನ ವಿಚಾರಣೆ

ದೇವರಮನೆಯ ಬಲ್ಬು ಹಳದಿಯಿರಬೇಕೋ ಬಿಳಿಯಿರಬೇಕೋ ಎಂಬ ಗಹನ ಪ್ರಶ್ನೆಯನ್ನು ಶಾಸ್ತ್ರಕಾರರು ನನ್ನಂಥವನಿಗಾಗಿಯೇ ಬಾಕಿ ಉಳಿಸಿ ಹೋಗಿರಬೇಕು. ಮೂವತ್ತೈದು ವರ್ಷ ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದವನಿಗೆ ಅಳೆಯಲು ಮನೆಯೊಂದೇ ಉಳಿದಿರುತ್ತದೆ. ಹೀಗಾಗಿ ಕೀಲ್ಪಾಕಿನ ನಮ್ಮ ಫ್ಲ್ಯಾಟಿನಲ್ಲಿ ಮಿಕ್ಸಿ ಮೊದಲುಗೊಂಡು ನನ್ನ ಮೀಟರಿನ ಮುಂದೆ ಸಾಕ್ಷಿ ನುಡಿಯದ ವಸ್ತುವಿಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವಾಟು. ಸಕಲ ಲೋಕವ್ಯವಹಾರವೂ ಇಷ್ಟರಲ್ಲೇ ಅಡಗಿದೆಯೆಂದು ನಂಬಿದವನು ನಾನು. ನೀವು ನಗಬಹುದು. ನನ್ನ ಹೆಂಡತಿ ಗಿರಿಜೆ ನಗುವುದನ್ನೂ ಬಿಟ್ಟು ಬಹಳ ವರ್ಷವಾಯಿತು.

ಈ ಸಲದ ಆರೋಪಿ ದೇವರಮನೆಯ ಹಳೇ ಕಾಲದ ತಂತಿಯ ಬಲ್ಬು. ಎಗ್ಮೋರಿನ ಅಂಗಡಿಯವನು ಅಟ್ಟದಿಂದಿಳಿಸಿ ಧೂಳು ಕೊಡವಿ, "ಇದೇ ಕಡೇದು, ಇನ್ನು ಕೇಳ್ಬೇಡಿ" ಎಂದು ಕೊಟ್ಟದ್ದು. ಕರೆಂಟು ಉಳಿಸಲು ಅದರ ಜಾಗಕ್ಕೆ ನಾನೊಂದು ಬಿಳಿ ಎಲ್‌ಇಡಿ ತಂದಿದ್ದೆ. ನಮ್ಮತ್ತೆ ಕೊಟ್ಟ ಬೆಳ್ಳಿಯ ಶಿವನ ಮುಖ ಆ ಹಳದಿ ಬೆಳಕಿನಲ್ಲಿ ಮಾತ್ರ ಉಸಿರಾಡುತ್ತದೆಂಬುದು ಗಿರಿಜೆಯ ಸಿದ್ಧಾಂತ. "ನಿಮ್ಮ ಎಲ್‌ಇಡಿ ಕೆಳಗೆ ಶಿವ ಐಸಿಯುನಲ್ಲಿ ಮಲಗಿದ ಹಾಗೆ ಕಾಣ್ತಾನೆ ರೀ" ಎಂದಳು. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ ಮೂವತ್ತು ವರ್ಷ ಕಳೆದವಳ ಉಪಮೆ, ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದ್ದರಿಂದ ವಿಜ್ಞಾನದ ಮೊರೆಹೊಕ್ಕೆ. ಬಲ್ಬನ್ನು ಕಳಚಿ, ಮೀಟರಿನ ಎರಡು ಮೊನೆಗಳನ್ನು ಅದರ ಬುಡಕ್ಕೆ ಮುಟ್ಟಿಸಿದೆ. ಅರವತ್ತೈದು ಓಮ್! ಇನ್ನೂರಮೂವತ್ತು ವೋಲ್ಟಿನ ವರ್ಗವನ್ನು ಅದರಿಂದ ಭಾಗಿಸಿ ತೀರ್ಪು ಓದಿದೆ.

"ಗಿರಿಜಾ, ಇದು ಬಲ್ಬಲ್ಲ, ಇಸ್ತ್ರಿಪೆಟ್ಟಿಗೆ. ಎಂಟುನೂರ ಹದಿನಾಲ್ಕು ವಾಟ್ ನುಂಗುತ್ತೆ."

ಅವಳು ಕನ್ನಡಕ ಏರಿಸಿ ಬಲ್ಬನ್ನು ತಿರುಗಿಸಿ ನೋಡಿದಳು. "ಅರವತ್ತು ಅಂತ ತಲೆ ಮೇಲೇ ಬರೆದಿದೆಯಲ್ರೀ."

"ಬರೆದಿದ್ದನ್ನೆಲ್ಲ ನಂಬೋಕಾಗುತ್ತಾ? ನಿನ್ನ ಜಾತಕದಲ್ಲಿ ಮಿತಭಾಷಿ ಅಂತ ಬರೆದಿತ್ತು."

"ಪೋದುಂ, ಸಾಕು ಮಾಡಿ. ಎಂಟುನೂರಿದ್ದಿದ್ರೆ ಇಷ್ಟು ಹೊತ್ತಿಗೆ ಶಿವ ಬೆವರ್ತಿದ್ದ. ಉರಿಯೋವಾಗ ಅಳೆದ್ರಾ?"

ಅಳೆದಿರಲಿಲ್ಲ. ತಣ್ಣಗಿರುವ ತಂತಿಯ ರೋಧ ಅಲ್ಪ, ಕಾದಾಗ ಅದರ ಹತ್ತಾರು ಪಟ್ಟು ಎಂಬ ಪಾಠವನ್ನು ಹೊಸದಾಗಿ ಸೇರಿದವರಿಗೆ ವರ್ಷವರ್ಷವೂ ಬೋಧಿಸಿದ ಮಹನೀಯನು ನಾನೇ. ಬಲ್ಬು ಸಿಕ್ಕಿಸಿ, ಉರಿಸಿ, ತಂತಿಗೆ ಮೀಟರು ಕಚ್ಚಿಸಿದೆ: ಕಾಲು ಆಂಪಿಯರಿಗಿಂತ ಕೂದಲಷ್ಟು ಹೆಚ್ಚು. ಗುಣಿಸಿದರೆ ಅರವತ್ತು ವಾಟು; ಭಾಗಿಸಿದರೆ ಎಂಟುನೂರ ಎಂಬತ್ತೈದು ಓಮಿನ ಸಮೀಪ. ಆರೋಪಿ ದೋಷಮುಕ್ತ. ನಾನು ತಂದಿದ್ದ ಎಲ್‌ಇಡಿಗೆ ಬಚ್ಚಲುಮನೆಗೆ ವರ್ಗವಾಯಿತು. ಗಿರಿಜೆ ಆ ಆದೇಶವನ್ನು ಮಾತಿಲ್ಲದೆ, ಬೆರಳಿನಿಂದಲೇ ಹೊರಡಿಸಿದಳು.

ಅವಳು ಸುಮ್ಮನಿದ್ದಾಗಲೆಲ್ಲ ಒಪ್ಪಿದಳೆಂದು ಲೆಕ್ಕ ಹಾಕಿಕೊಂಡೇ ನಲವತ್ತು ವರ್ಷ ಸಂಸಾರ ನಡೆಸಿದವನು ನಾನು. ತಣ್ಣಗಿದ್ದುದನ್ನು ಅಳೆದು ತೀರ್ಪು ಕೊಡುವುದು ನನಗೆ ಇದೇ ಮೊದಲಲ್ಲವೆಂದು ಅಂದು ಹೊಳೆಯಿತು. ಹೊಳೆದದ್ದನ್ನು ಅವಳಿಗೆ ಹೇಳಲಿಲ್ಲ. ಅಷ್ಟು ವಿವೇಕ ನಿವೃತ್ತರಿಗೂ ಇರುತ್ತದೆ.

ಅಂದಹಾಗೆ, ನನ್ನ ಎಂಟುನೂರ ಹದಿನಾಲ್ಕು ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ಚು ಒತ್ತಿದ ಮರುಕ್ಷಣ, ತಂತಿ ಕಾಯುವ ಮುನ್ನ, ರೆಪ್ಪೆ ಬಡಿಯುವಷ್ಟು ಹೊತ್ತು ಅದು ನಿಜ; ಹಳೆಯ ಬಲ್ಬುಗಳು ಸಾಯುವುದೂ ಹೆಚ್ಚಾಗಿ ಆ ಗಳಿಗೆಯಲ್ಲೇ. ಈಗ ಸಂಜೆ ದೇವರಮನೆಯ ಹಳದಿ ದೀಪ ಹಾಕುವ ಕೆಲಸ ನನ್ನದು. ಸ್ವಿಚ್ಚನ್ನು ಮೆಲ್ಲಗೆ ಒತ್ತಿದರೆ ವಿದ್ಯುತ್ತು ಮೆಲ್ಲಗೆ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಮೆಲ್ಲಗೇ ಒತ್ತುತ್ತೇನೆ.